ಮಂಡಕ್ಕಿ ಹುರಿಯೋ ಅಮ್ಮ ‘ಅನ್‌ಸ್ಕಿಲ್ಡ್’ ಹೆಂಗಾಗ್ತಾರೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಕ್ಕಾ, ನಮ್ಮಮ್ಮ ದಾವಣಗೆರೆಲಿ ಮಂಡಕ್ಕಿ ಭಟ್ಟಿ ಕೆಲಸ ಮಾಡ್ತಾ 22 ವರ್ಷ ಆಯ್ತು. ಹೋದ ತಿಂಗಳು ಒಂದು ಸಾಲದ ಅರ್ಜಿ ತುಂಬೋಕೆ ಅವರನ್ನ ಕರ್ಕೊಂಡು ಹೋಗಿದ್ದೆ. ಕೌಂಟರಲ್ಲಿದ್ದವರು ಉದ್ಯೋಗ ಏನು ಅಂದ್ರು, ಅಮ್ಮ "ಮಂಡಕ್ಕಿ ಹುರಿತೀನ್ರಿ" ಅಂದ್ರು, ಅವರು ತಲೆನೂ ಎತ್ತದೆ ‘ಅನ್‌ಸ್ಕಿಲ್ಡ್ ಲೇಬರ್’ ಅಂತ ಬರ್ಕೊಂಡ್ರು. ಹೊರಗೆ ಬಂದ ಮೇಲೆ ಅಮ್ಮ "ಏನ್ ಬರ್ಕೊಂಡ್ರಪ್ಪಾ" ಅಂತ ಕೇಳಿದ್ರು, ನಾನು "ಮಂಡಕ್ಕಿ ಕೆಲಸ ಅಂತಾನೇ ಬರ್ದಿದಾರಮ್ಮ" ಅಂತ ಸುಳ್ಳು ಹೇಳ್ದೆ. ನಾನು ಎಂಕಾಂ ಓದ್ತಿದೀನಿ, ನಮ್ಮ ಪಾಠದಲ್ಲೂ ಆ ಪದ ಬರುತ್ತೆ, ಪರೀಕ್ಷೇಲಿ ನಾನೇ ಎಷ್ಟೋ ಸಲ ಬರೆದಿದೀನಿ, ಆದ್ರೆ ಅವತ್ತು ಮಾತ್ರ ಎದೆಗೆ ಚುಚ್ಚಿದಂಗಾಯ್ತು. ಯಾವುದಾದ್ರೂ ಕೆಲಸಕ್ಕೆ ಈ ಹೆಸರು ನ್ಯಾಯವಾಗಿ ಒಪ್ಪುತ್ತಾ?
ಹೆಸರು ಬೇಡ, ದಾವಣಗೆರೆ

ಉತ್ತರ: ತಮ್ಮಾ, ನಿಮ್ಮ ಪತ್ರ ಓದಿ ಎರಡು ದಿನ ಹಂಗೇ ಇಟ್ಕೊಂಡಿದ್ದೆ, ಯಾಕಂದ್ರೆ ಇದು ನಮ್ಮ ಮನೆ ಕಥೆನೂ ಹೌದು, ಅದನ್ನ ಆಮೇಲೆ ಹೇಳ್ತೀನಿ. ಮೊದ್ಲು ಉತ್ತರ ಹೇಳ್ಬಿಡ್ತೀನಿ. ಒಪ್ಪಲ್ಲ. ಬೇಗ ಕಲಿಯೋ ಕೆಲಸ ಇದೆ, ವರ್ಷಗಟ್ಟಲೆ ಹಿಡಿಯೋ ಕೆಲಸ ಇದೆ, ಕಾಲೇಜಲ್ಲಿ ಕಲಿಸೋ ಕೆಲಸ ಇದೆ, ಅಮ್ಮನ ಪಕ್ಕ ಕೂತು ನೋಡ್ತಾ ನೋಡ್ತಾ ಕೈಗೆ ಬರೋ ಕೆಲಸ ಇದೆ. ಕೌಶಲನೇ ಬೇಡದ ಕೆಲಸ ಅಂತ ನಾನಂತೂ ಒಂದನ್ನೂ ನೋಡಿಲ್ಲ.

ನಿಮ್ಮ ಪತ್ರ ಬಂದ ಮೇಲೆ ಒಂದಿನ ಬೆಳಗ್ಗೆ ಐದೂವರೆಗೆ ಮಂಡಕ್ಕಿ ಭಟ್ಟಿ ಲೇಔಟಿಗೆ ಹೋಗಿ ಕೂತೆ. ಮಂಡಕ್ಕಿ ಮಿರ್ಚಿ ತಿನ್ನದೇ ಇರೋ ದಾವಣಗೆರೆಯವರು ಇಲ್ಲ, ಆದ್ರೆ ಅದು ಹೆಂಗೆ ಆಗುತ್ತೆ ಅಂತ ಪಕ್ಕದಲ್ಲಿ ನಿಂತು ನೋಡಿದವರು ನಮ್ಮೂರಲ್ಲೇ ಎಷ್ಟು ಜನ ಇದಾರೆ ಹೇಳಿ. ಭತ್ತ ನೆನೆಹಾಕಿ, ಕಾಯಿಸಿ, ಒಣಗಿಸಿ, ಮಿಲ್ಲಿಗೆ ಹಾಕಿ, ಅಲ್ಲಿಂದ ಬಂದ ಅಕ್ಕಿಗೆ ಉಪ್ಪುನೀರು ಹಿಡಿಸಿ ಮತ್ತೆ ಒಣಗಿಸಿ, ಆಮೇಲೆ ಕಾದ ಮರಳಿಗೆ ಹಾಕಿ ಅರಳಿಸೋದು. ಬರೆದ್ರೆ ಒಂದು ಸಾಲು. ಅಲ್ಲಿ ಬಾಣಲೆ ಮುಂದೆ ಕೂತಿದ್ದ ಅಕ್ಕ ಒಂದು ಹಿಡಿ ಅಕ್ಕಿ ತಗೊಂಡು ಬೆರಳ ಸಂದಿಯಲ್ಲಿ ಇಳಿಬಿಟ್ಟು ಸದ್ದು ಕೇಳಿದ್ರು, ಎರಡು ಕಾಳು ಹಲ್ಲಲ್ಲಿ ಕಡಿದ್ರು, "ಇನ್ನೂ ಹಸಿ ಐತೆ, ಈಗ ಹಾಕಿದ್ರೆ ಅರಳಲ್ಲ, ಗಟ್ಟಿ ಆಗ್ತೈತೆ" ಅಂತ ಆ ಅಕ್ಕೀನ ಪಕ್ಕಕ್ಕೆ ಇಟ್ರು. ಕಾಳಿನ ಒಳಗೆ ಉಳಿದಿರೋ ತೇವ ಒಮ್ಮೆಲೇ ಆವಿ ಆಗಿ ಒಳಗಿಂದ ತಳ್ಳಿದ್ರೇನೇ ಮಂಡಕ್ಕಿ ಅರಳೋದು, ತೇವ ತೀರಾ ಕಮ್ಮಿ ಆದ್ರೆ ತಳ್ಳೋಕೆ ಆವಿ ಸಾಲಲ್ಲ, ಜಾಸ್ತಿ ಆದ್ರೆ ಸರಿಯಾಗಿ ಬಿರಿಯಲ್ಲ. ಆ ಹದನ ಆ ಅಕ್ಕ ಹಲ್ಲಲ್ಲಿ ಅಳೀತಾರೆ.

ಮರಳಿನ ಬಿಸಿನೂ ಹಂಗೇ. 200 ಡಿಗ್ರಿ ದಾಟಿರುತ್ತೆ ಅದು, ಅಲ್ಲಿ ಥರ್ಮಾಮೀಟರ್ ಇಲ್ಲ. ನಾಲ್ಕು ಕಾಳು ಎಸೀತಾರೆ, ಅದು ಎಷ್ಟು ಹೊತ್ತಿಗೆ ಎಗರುತ್ತೆ ಅಂತ ನೋಡ್ತಾರೆ, ಒಲೆ ಕಡೆ ಇರೋ ಅಣ್ಣಂಗೆ ಬೆಂಕಿ ಏರಿಸು ಇಳಿಸು ಅಂತ ಕೈಯಲ್ಲೇ ಸನ್ನೆ ಮಾಡ್ತಾರೆ. ಅಕ್ಕಿ ಬಿದ್ದ ಮೇಲೆ ಕೆಲವೇ ಸೆಕೆಂಡು, ಅಷ್ಟರಲ್ಲಿ ತಿರುವಿ ಎಳೆದು ಜರಡಿಗೆ ಹಾಕ್ಬೇಕು. ಅವರು ಒಪ್ಪಿ ನನಗೂ ಒಂದು ಸಲ ಬಿಟ್ಟುಕೊಟ್ರು. ನಾನು ಎಳೆಯೋದು ಎರಡು ಸೆಕೆಂಡು ತಡ ಆಯ್ತು ಅನ್ಸುತ್ತೆ, ಅರ್ಧಕ್ಕರ್ಧ ಕೆಂಪಾಗಿ ಹೋಯ್ತು. ಮುಂಗೈಗೆ ಬಡಿದ ಆ ಝಳ ಸಂಜೆವರೆಗೂ ಉರೀತಿತ್ತು. ಅವರು ದಿನಕ್ಕೆ ಎಷ್ಟು ಸಲ ಎಳೀತಾರೆ ಅಂತ ಎಣಿಸೋಕೆ ಹೋಗಿ ಕಾಲು ಗಂಟೇಲಿ ಲೆಕ್ಕ ತಪ್ಪಿ ಬಿಟ್ಟುಬಿಟ್ಟೆ.

"ಕಲಿಯೋಕೆ ಎಷ್ಟು ದಿನ ಬೇಕಾಯ್ತಕ್ಕಾ" ಅಂತ ಕೇಳ್ದೆ. "ದಿನ ಅಲ್ರಿ, ಎರಡು ಮಳೆಗಾಲ. ಬ್ಯಾಸಿಗೇಲಿ ಯಾರ್ ಬೇಕಾದ್ರೂ ಹುರಿತಾರೆ, ಮಳೆಗಾಲದಾಗೆ ಗೊತ್ತಾಗೋದು ಕೈ ಪಳಗೈತೋ ಇಲ್ವೋ ಅಂತ" ಅಂದ್ರು. ಮಳೆ ಹಿಡಿದಾಗ ಅಕ್ಕಿ ಒಣಗಲ್ಲ, ಗಾಳೀಲೇ ತೇವ ಇರುತ್ತೆ, ಬೇಸಿಗೆ ಲೆಕ್ಕ ಯಾವುದೂ ನಡೆಯಲ್ಲ.

ಎರಡು ಮಳೆಗಾಲ ಅಂದ್ರೆ ಹೆಚ್ಚು ಕಮ್ಮಿ ಒಂದು ಐಟಿಐ ಕೋರ್ಸ್ ಮುಗಿಸೋ ಕಾಲ. ಐಟಿಐ ಹುಡುಗಂಗೆ ಸರ್ಕಾರ ಕಟ್ಟಡ ಕೊಡುತ್ತೆ, ಮೇಷ್ಟ್ರು ಕೊಡುತ್ತೆ, ಕೊನೇಲಿ ಸರ್ಟಿಫಿಕೇಟ್ ಕೊಡುತ್ತೆ, ಅವನು ‘ಸ್ಕಿಲ್ಡ್’. ಈ ಅಕ್ಕನ ಎರಡು ಮಳೆಗಾಲದ ಫೀಜು ಕಟ್ಟಿದ್ದು ಅವರೇ, ಕೆಂಪಾಗಿ ಕೂಲೀಲಿ ಮುರಿದುಕೊಂಡ ಅಕ್ಕಿ ಲೆಕ್ಕದಲ್ಲಿ, ಮುಂಗೈ ಮೇಲಿನ ಸುಟ್ಟ ಕಲೆ ಲೆಕ್ಕದಲ್ಲಿ, ಮೊದಲೆರಡು ವರ್ಷ ಅರ್ಧ ಕೂಲಿಗೆ ದುಡಿದ ಲೆಕ್ಕದಲ್ಲಿ. ಆ ಖರ್ಚಿಗೆ ರಸೀದಿ ಇಲ್ಲ. ನಾನು ಇಷ್ಟು ವರ್ಷ ನೋಡಿ ತಿಳ್ಕೊಂಡಿದ್ದು ಇದನ್ನೇ ತಮ್ಮಾ, ಕಲಿಕೆಯ ಖರ್ಚು ಮಾಲೀಕನ ಮೇಲೂ ಸರ್ಕಾರದ ಮೇಲೂ ಬೀಳದೆ ಪೂರ್ತಿ ಕೆಲಸಗಾರನ ಮೈಮೇಲೆ ಬಿದ್ದಿರೋ ಕಡೆ ಆ ಕೆಲಸಕ್ಕೆ ‘ಅಕುಶಲ’ ಅಂತ ಹೆಸರಿಟ್ಟುಬಿಡ್ತಾರೆ.

ನಮ್ಮ ಮನೆ ಕಥೆ ಅಂದೆ ಅಲ್ವಾ. ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದಲ್ಲಿ ನಮ್ಮಪ್ಪ ಇಲ್ಲಿನ ಒಂದು ಬಟ್ಟೆ ಮಿಲ್ಲಲ್ಲಿ ಸ್ಪಿನ್ನಿಂಗ್‌ನಲ್ಲಿದ್ರು. ಸುತ್ತುತ್ತಿರೋ ಕದಿರು, ಎಳೆ ಪಟ್ ಅಂತ ಹರಿಯುತ್ತೆ, ಹರಿದ ತುದಿ ಹುಡುಕಿ ಬೆರಳ ತುದೀಲಿ ರೋಲರಿಗೆ ಕೊಟ್ಟು ಗಂಟು ಕಾಣದಂಗೆ ಕೂಡಿಸ್ಬೇಕು, ಅಷ್ಟೊತ್ತಿಗೆ ಆ ಕಡೆ ಇನ್ನೆರಡು ಹರಿದಿರ್ತಾವೆ. ರೆಕಾರ್ಡಲ್ಲಿ ಅವರು ಕುಶಲ ಕಾರ್ಮಿಕ. ಮಿಲ್ ನಿಂತುಹೋಯ್ತು, ಬರಬೇಕಾಗಿದ್ದ ದುಡ್ಡೂ ಪೂರ್ತಿ ಬರಲಿಲ್ಲ, ಮುಂದಿನ ತಿಂಗಳು ಅಪ್ಪ ಎಪಿಎಂಸಿಲಿ ಹಮಾಲಿ. ಒಂದೇ ತಿಂಗಳಲ್ಲಿ ಕುಶಲದಿಂದ ಅಕುಶಲ. ಬೆರಳು ಅವೇ ಇದ್ದವು.

ಹಮಾಲಿ ಕೆಲಸಾನಾದ್ರೂ ಸುಮ್ನೆ ಬಂತಾ ಅಂದ್ರೆ ಅದೂ ಇಲ್ಲ. ಮೊದಲ ವಾರ ಅಪ್ಪ ರಾತ್ರಿ ಮಗ್ಗಲು ಬದಲಿಸೋಕಾಗದೆ ನರಳ್ತಿದ್ದಿದ್ದು ನನಗೆ ನೆನಪಿದೆ. ಚೀಲ ಎತ್ತೋದು ತೋಳಿಂದ ಅಲ್ಲ, ಮೊಣಕಾಲಿಂದ ಅಂತ ಹಳೇ ಹಮಾಲರೊಬ್ಬರು ಹೇಳಿಕೊಟ್ರಂತೆ, ಉಸಿರು ಯಾವಾಗ ಕಟ್ಬೇಕು ಯಾವಾಗ ಬಿಡ್ಬೇಕು ಅಂತಾನೂ. ಚೀಲದ ಮೇಲೆ ಚೀಲ ಪೇರಿಸಿ ನಿಟ್ಟು ಒಟ್ಟುವಾಗ ಇಟ್ಟಿಗೆ ಕಟ್ಟಿದಂಗೆ ಒಂದು ವರಸೆ ಉದ್ದ ಒಂದು ವರಸೆ ಅಡ್ಡ ಹಾಕಿ ಚೀಲಕ್ಕೆ ಚೀಲ ಕಚ್ಚಿಸ್ಬೇಕು, ಇಲ್ಲಾಂದ್ರೆ ಹತ್ತು ಸಾಲು ಏರೋ ಹೊತ್ತಿಗೆ ನಿಟ್ಟು ಜಾರಿ ಕೆಳಗಿದ್ದವರ ಮೇಲೆ ಬರುತ್ತೆ. ಮೆಕ್ಕೆಜೋಳದ ಚೀಲಕ್ಕೆ ಕೈ ತೂರಿಸಿ "ಇದು ಹದಿನಾಲ್ಕು ದಾಟೈತೆ, ಕೆಳಗಡೆ ಇಡಬ್ಯಾಡ, ಕಾವು ಬರ್ತೈತೆ" ಅಂತ ಅಪ್ಪ ಹೇಳೋವರು. ಆ ಹದಿನಾಲ್ಕು ಅಂದ್ರೆ ಶೇಕಡಾ ತೇವಾಂಶ, ಬೆಂಬಲ ಬೆಲೆ ಖರೀದಿಗೂ ಅದೇ ಮಿತಿ. ವ್ಯಾಪಾರಸ್ಥರ ಹತ್ರ ಅದಕ್ಕೊಂದು ಮಷಿನ್ ಇರುತ್ತೆ. ಅಪ್ಪನ ಹತ್ರ ಅಂಗೈ ಇತ್ತು.

ಒಂದು ಮಾತು ಕೇಳ್ತೀನಿ ತಪ್ಪು ತಿಳೀಬೇಡಿ, ಅಮ್ಮಂಗೆ ಹೇಳಿದ ಸುಳ್ಳು ಹಂಗೇ ಬಿಡಬೇಡಿ. ನಿಜ ಹೇಳಿ. ಆ ಪದದ ಅರ್ಥಾನೂ ಹೇಳಿ. ಅವರಿಗೆ ಸಿಟ್ಟು ಬರುತ್ತೆ, ಬರಲಿ, ಆ ಸಿಟ್ಟು ಅವರ ಹಕ್ಕು. ಆಮೇಲೆ ಇಬ್ರೂ ಹೋಗಿ ಆ ಅರ್ಜೀಲಿ ಉದ್ಯೋಗದ ಕಾಲಮ್ಮಲ್ಲಿ ‘ಮಂಡಕ್ಕಿ ತಯಾರಿಕೆ, 22 ವರ್ಷದ ಅನುಭವ’ ಅಂತ ತಿದ್ದಿ ಕೊಡಿ ಅಂತ ಕೇಳಿ. ನಿಮ್ಮ ಅರ್ಜೀಲಿ ಏನಿರ್ಬೇಕು ಅಂತ ಹೇಳೋರು ನೀವೇ.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಸಣ್ಣ ಮಟ್ಟದಲ್ಲಿ ಮನೆ ಕಟ್ಟಿಸಿಕೊಡೋ ಕಾಂಟ್ರಾಕ್ಟರ್. ಕೆಲಸಕ್ಕೆ ಗೌರವ ಕೊಡ್ಬೇಕು ಅನ್ನೋದು ಸರಿ ಮೇಡಂ, ಆದ್ರೆ ಎಲ್ಲರೂ ಕುಶಲರೇ ಅಂದ್ರೆ ಮೇಸ್ತ್ರಿಗೂ ಹೆಲ್ಪರ್‌ಗೂ ಒಂದೇ ಕೂಲಿ ಕೊಡೋಕಾಗುತ್ತಾ? ಮೇಸ್ತ್ರಿ ಆಗೋಕೆ ವರ್ಷಗಳು ಬೇಕು. ಹೆಲ್ಪರ್‌ನ ಸೋಮವಾರ ಕರೆದ್ರೆ ಸೋಮವಾರನೇ ಕೆಲಸ ಶುರು ಮಾಡ್ತಾನೆ. ಆ ವ್ಯತ್ಯಾಸಕ್ಕೆ ಒಂದು ಹೆಸರು ಬೇಡ್ವಾ?
ಕಾಂಟ್ರಾಕ್ಟರ್, ಚಿತ್ರದುರ್ಗ

ಉತ್ತರ: ಒಂದೇ ಕೂಲಿ ಕೊಡಿ ಅಂತ ನಾನು ಹೇಳಲ್ಲ ಅಣ್ಣಾ. ತೂಕದ ಗುಂಡು ಹಿಡಿದು ಗೋಡೆ ನೆಟ್ಟಗೆ ಎಬ್ಬಿಸೋ ಮೇಸ್ತ್ರಿಗೆ ಜಾಸ್ತಿ ಸಿಗ್ಬೇಕು, ಸಿಗಲಿ. ಮೆಟ್ಟಿಲು ಇರಲಿ, ಕೆಳಗಿನ ಮೆಟ್ಟಿಲಿಗೆ ‘ಏನೂ ಬಾರದವರು’ ಅಂತ ಬೋರ್ಡ್ ಹಾಕೋದು ಬೇಡ ಅಂತ ನನ್ನ ತಕರಾರು. ಸೋಮವಾರ ಕರೆದ್ರೆ ಸೋಮವಾರ ಶುರು ಮಾಡ್ತಾನೆ ಅಂದ್ರಿ, ಶುರು ಮಾಡೋದು ಬೇರೆ, ಚೆನ್ನಾಗಿ ಮಾಡೋದು ಬೇರೆ, ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನೀವು ಹೊಸ ಸೈಟಿಗೆ ಹೊಸ ಹೆಲ್ಪರ್‌ನ ಕರೀತೀರೋ ಐದು ವರ್ಷದಿಂದ ನಿಮ್ಮ ಜತೆ ಇರೋರಿಗೆ ಫೋನ್ ಮಾಡ್ತೀರೋ?

ಮಾಲು ಕಲಸೋದು ಹೆಲ್ಪರ್ ಕೆಲಸ. ನೀರು ಒಂದು ಕೊಡ ಜಾಸ್ತಿ ಆದ್ರೆ ಕಲಸೋಕೆ ಸುಲಭ, ಕಾಂಕ್ರೀಟ್ ಮಾತ್ರ ಬಲ ಕಳ್ಕೊಳುತ್ತೆ. ಗಟ್ಟಿ ಆದ್ರೆ ಮೂಲೆಗೆ ಇಳಿಯಲ್ಲ, ಒಳಗೆ ಗೂಡು ಬೀಳುತ್ತೆ. ಇಂಜಿನಿಯರ್ ಡ್ರಾಯಿಂಗಲ್ಲಿ ಎಂಥ ಲೆಕ್ಕ ಬರೆದಿದ್ರೂ ಕೊನೆಗೆ ಅದು ನಿಂತಿರೋದು ಸಲಿಕೆ ಹಿಡಿದವರ ಕಣ್ಣಳತೆ ಮೇಲೆ. ಆಮೇಲೆ ಕ್ಯೂರಿಂಗ್, ಸಾಮಾನ್ಯ ಸಿಮೆಂಟಿಗೆ ಕಮ್ಮಿ ಅಂದ್ರೂ 7 ದಿನ ತೇವ ಆರದಂಗೆ ನೋಡ್ಕೋಬೇಕು, ಚಿತ್ರದುರ್ಗದ ಏಪ್ರಿಲ್ ಬಿಸಿಲಲ್ಲಿ ಮೂರನೇ ದಿನಕ್ಕೆ ಯಾರೂ ನೋಡಲ್ಲ ಅಂತ ಬಿಟ್ರೆ ಸ್ಲ್ಯಾಬ್ ಬಿರುಕು ಬಿಡುತ್ತೆ. ಆ ನೀರು ಹಾಕೋದೂ ‘ಅಕುಶಲ’ರೇ. ಸಿಂಬೆ ಮೇಲೆ ಬಾಂಡ್ಲಿ ಇಟ್ಕೊಂಡು ಒಂದೂವರೆ ಅಡಿ ಹಲಗೆ ಮೇಲೆ ಎರಡನೇ ಮಹಡಿಗೆ ಹತ್ತೋ ಹೆಣ್ಮಗಳ ಕುತ್ತಿಗೆ ನೋಡಿ ಒಂದು ಸಲ, ಮೈ ಎಲ್ಲಾ ಆಡುತ್ತೆ, ಕುತ್ತಿಗೆ ಮೇಲಿಂದು ಅಲ್ಲಾಡಲ್ಲ.

ನೀವು ಕೇಳದೇ ಇರೋ ಒಂದು ವಿಷಯನೂ ಹೇಳ್ಬೇಕು. ಹೆಲ್ಪರ್ ಆಗಿ ಬಂದ ಹುಡುಗ ನಾಲ್ಕೈದು ವರ್ಷಕ್ಕೆ ಕರಣೆ ಹಿಡೀತಾನೆ, ಮೇಸ್ತ್ರಿ ಆಗ್ತಾನೆ. ಅವನ ಜತೇಲೇ ಬಂದ ಹೆಣ್ಮಗಳು ಇಪ್ಪತ್ತು ವರ್ಷ ಆದ್ರೂ ಹೆಲ್ಪರೇ. ದಿನಾ ಅದೇ ಗೋಡೆ ನೋಡ್ತಾಳೆ, ಅದೇ ಮಾಲು ಕಲಸ್ತಾಳೆ, ಎಷ್ಟೋ ಸಲ ಹೊಸ ಮೇಸ್ತ್ರಿಗೆ ಇದು ಸೊಟ್ಟ ಹೋಗ್ತೈತೆ ಅಂತ ಹೇಳೋದೂ ಅವಳೇ. ಅವಳ ಕೈಗೆ ಕರಣೆ ಯಾರೂ ಕೊಡಲ್ಲ. ‘ಅಕುಶಲ’ ಅನ್ನೋದು ಕೆಲಸದ ಗುಣ ಆಗಿದ್ರೆ ಇಬ್ರಿಗೂ ಒಂದೇ ಥರ ಬಿಟ್ಟು ಹೋಗ್ಬೇಕಿತ್ತಲ್ವಾ. ಅಣ್ಣಾ, ನಿಮ್ಮ ಮುಂದಿನ ಸೈಟಲ್ಲಿ ಒಬ್ಬ ಹೆಣ್ಮಗಳಿಗೆ ಕಾಂಪೌಂಡ್ ಗೋಡೆ ಕಟ್ಟೋಕೆ ಬಿಡಿ. ಕೇಳ್ತಿದೀನಿ, ಬಿಡ್ತೀರಾ?

ಪ್ರಶ್ನೆ: ಕೆಎಎಸ್ ತಯಾರಿ ಮಾಡ್ತಿದೀನಿ. ‘ಅಕುಶಲ’ ಅನ್ನೋ ಪದ ಕಾನೂನಿಗೆ ಬಂದಿದ್ದು ಹೆಂಗೆ? ಬೇರೆ ದೇಶದಲ್ಲೂ ಇದೆಯಾ?
ವಿದ್ಯಾರ್ಥಿನಿ, ಹರಿಹರ

ಉತ್ತರ: 1948ರ ಕನಿಷ್ಠ ವೇತನ ಕಾಯ್ದೆ ಕೆಳಗೆ ಸರ್ಕಾರಗಳು ಕೂಲಿ ನಿಗದಿ ಮಾಡ್ತಾ ಬಂದಾಗ ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಅಂತ ಮೆಟ್ಟಿಲು ರೂಢಿಗೆ ಬಂತು. 2005ರ ಉದ್ಯೋಗ ಖಾತ್ರಿ ಕಾಯ್ದೆ ಅದಕ್ಕೊಂದು ವ್ಯಾಖ್ಯೆನೂ ಕೊಡ್ತು, ಯಾವ ಕೌಶಲವಾಗ್ಲಿ ವಿಶೇಷ ತರಬೇತಿಯಾಗ್ಲಿ ಇಲ್ಲದೆ ಯಾವ ವಯಸ್ಕರಾದ್ರೂ ಮಾಡಬಲ್ಲ ಮೈಕೆಲಸ ಅಂತ. ಆ ಕಾಯ್ದೆ ಬಡವರಿಗೆ ನೂರು ದಿನದ ಕೆಲಸ ಕೊಟ್ಟಿದ್ದು ದೊಡ್ಡದು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ವ್ಯಾಖ್ಯೆ ಮಾತ್ರ ತಪ್ಪು. ಆ ಯೋಜನೇಲಿ ಹಾಕೋ ಬದೂನೇ ತಗೊಳ್ಳಿ, ಚಳ್ಳಕೆರೆ ಕಡೆ ಹೊಲದಲ್ಲಿ ಇಳಿಜಾರು ನೋಡದೆ ಹಾಕಿದ ಬದು ಮೊದಲ ದೊಡ್ಡ ಮಳೆಗೆ ಕೊಚ್ಚಿ ಹೋಗುತ್ತೆ, ತಿಳಿದವರು ಮೆಟ್ಟಿ ಮೆಟ್ಟಿ ಹಾಕಿದ್ದು ಹತ್ತಾರು ವರ್ಷ ನಿಲ್ಲುತ್ತೆ.

ಈಗ 2019ರ ವೇತನ ಸಂಹಿತೆ ಇದೆ, 2025ರ ನವೆಂಬರ್ 21ರಿಂದ ಜಾರಿ. ಅದರ 6ನೇ ಸೆಕ್ಷನ್ನಲ್ಲೂ ಅದೇ ನಾಲ್ಕು ಮೆಟ್ಟಿಲು. ಆದ್ರೆ ಅದೇ ಸೆಕ್ಷನ್ನಲ್ಲಿ ಇನ್ನೊಂದು ಮಾತಿದೆ, ಅದನ್ನ ನೋಟ್ಸಲ್ಲಿ ದಪ್ಪಗೆ ಬರ್ಕೊಳ್ಳಿ. ತಡೆಯೋಕೆ ಕಷ್ಟ ಆಗೋ ಬಿಸಿ, ತೇವ, ಅಪಾಯದ ಕೆಲಸ, ನೆಲದಡಿ ಕೆಲಸ ಇಂಥ ದಣಿವಿನ ಸ್ವರೂಪನೂ ಕೂಲಿ ನಿಗದಿ ಮಾಡುವಾಗ ಪರಿಗಣಿಸಬಹುದು ಅಂತ. ಭಟ್ಟಿ ಮುಂದೆ ಕೂರೋರು ಸಂಘ ಕಟ್ಟಿಕೊಂಡು ಕೇಳೋಕೆ ಇದೊಂದು ದಾರಿ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಉದ್ಯೋಗಗಳನ್ನ ಪಟ್ಟಿ ಮಾಡುವಾಗ ಕೌಶಲದ ಮೊದಲ ಹಂತ ಅಂತ ಗುರುತಿಸಿ ‘ಪ್ರಾಥಮಿಕ ಉದ್ಯೋಗಗಳು’ ಅನ್ನೋ ಗುಂಪು ಮಾಡುತ್ತೆ, ನಮ್ಮ ದೇಶದ 2015ರ ಉದ್ಯೋಗ ವರ್ಗೀಕರಣನೂ ಅದನ್ನೇ ಹಿಡಿದಿದೆ. ನೋಡಿ, ಅಲ್ಲಿ ಕೌಶಲ ಸೊನ್ನೆ ಅಂತಿಲ್ಲ, ಒಂದು ಅಂತ ಇದೆ. ಇನ್ನೂ ಹಿಂದಕ್ಕೆ ಹೋದ್ರೆ ಇಂಗ್ಲೆಂಡಲ್ಲಿ 1563ರ ಒಂದು ಕಾಯ್ದೆ ಕಸುಬುಗಳಿಗೆ ಏಳು ವರ್ಷದ ಶಿಷ್ಯವೃತ್ತಿ ಕಡ್ಡಾಯ ಮಾಡಿತ್ತು. ಆ ಥರದ ಕಾನೂನುಗಳು ಕುಶಲಕರ್ಮಿಗಳ ಕೆಲಸನ ಕೌಶಲದ್ದು, ಹೊಲದ ಆಳಿನ ಕೆಲಸನ ಸಾಮಾನ್ಯದ್ದು ಅಂತ ಲೆಕ್ಕ ಹಾಕಿದ್ದನ್ನ ಆಡಂ ಸ್ಮಿತ್ 1776ರಲ್ಲೇ ಪ್ರಶ್ನೆ ಮಾಡಿದಾರೆ, ಬೇಸಾಯದಷ್ಟು ಬಗೆಬಗೆಯ ತಿಳಿವು ಅನುಭವ ಬೇಡೋ ಕಸುಬು ಬಹಳ ಕಮ್ಮಿ, ನೇಗಿಲು ಹೊಡೆಯೋನ ವಿವೇಚನೆ ಪಟ್ಟಣದ ಕುಶಲಕರ್ಮಿಗಿಂತ ಮಿಗಿಲು ಅನ್ನೋ ಅರ್ಥದಲ್ಲಿ. ಅರ್ಥಶಾಸ್ತ್ರದ ಪಿತಾಮಹ ಅಂತ ನೀವು ಬಾಯಿಪಾಠ ಮಾಡೋರು ಅವರನ್ನೇ.

ಪ್ರಶ್ನೆ: ಅಕ್ಕಾರೆ, ನಾವು ಮಲೇಬೆನ್ನೂರು ಕಡೆ ಭತ್ತದ ನಾಟಿ ಮಾಡೋ ಹೆಣ್ಮಕ್ಕಳು, ಹದಿನಾಲ್ಕು ಜನದ ತಂಡ. ಈ ಸಲ ಗೌಡ್ರ ಹೊಲಕ್ಕೆ ನಾಟಿ ಮಷಿನ್ ಬಂತು. ಓಡ್ಸೋ ಹುಡುಗಂಗೆ ಆಪರೇಟರ್ ಅಂತಾರೆ, ಊಟ ಪ್ರತ್ಯೇಕ, ದುಡ್ಡೂ ಜಾಸ್ತಿ. ಮಷಿನ್ ಹೋಗದ ಮೂಲೆಗೆ, ಸಸಿ ತಪ್ಪಿದ ಕಡೆಗೆ ನಮ್ಮನ್ನ ಕರೀತಾರೆ, ನಮ್ಗೆ ಮಾತ್ರ ಹೆಣ್ಣಾಳು ಕೂಲಿ. ಮಗಳ ಕೈಲಿ ಬರೆಸ್ತಿದೀನಿ. ನಮ್ಗೆ ಏನಾದ್ರೂ ದಾರಿ ಐತಾ?
ನಾಟಿ ತಂಡದ ಹಿರಿಯಾಕೆ

ಉತ್ತರ: ಅವ್ವಾ, ಮಷಿನ್ ತಪ್ಪಿಸಿದ್ದನ್ನ ಸರಿ ಮಾಡೋಕೆ ನಿಮ್ಮನ್ನ ಕರೀತಾರೆ ಅಂತ ಬರೆಸಿದ್ರಲ್ಲ, ಆ ಒಂದು ಸಾಲು ಸಾಕು, ಇಡೀ ಅಂಕಣನೇ ಅದರಲ್ಲಿದೆ. ಒಂದು ಗುಣಿಗೆ ಎರಡು ಮೂರು ಸಸಿ, ಎರಡು ಮೂರು ಸೆಂಟಿಮೀಟರ್ ಆಳ, ಅದಕ್ಕಿಂತ ಆಳಕ್ಕೆ ಹೋದ್ರೆ ತೆಂಡೆ ಒಡೆಯೋದು, ಅಂದ್ರೆ ಬುಡದಿಂದ ಹೊಸ ಕವಲು ಬರೋದು, ತಡ ಆಗುತ್ತೆ, ಮೇಲಾದ್ರೆ ನೀರಿಗೆ ತೇಲಿ ಹೋಗುತ್ತೆ. ಕೃಷಿ ವಿಜ್ಞಾನಿಗಳು ಹೇಳೋದೂ ಇದೇ ಅಳತೆ, ನೀವು ಕೆಸರಲ್ಲಿ ಹಿಮ್ಮುಖ ನಡೀತಾ ಹಾಡು ಹೇಳ್ಕೊಂಡು ಹೆಬ್ಬೆರಳಲ್ಲಿ ಅಳೆಯೋದೂ ಇದೇ ಅಳತೆ. ಮಷಿನಿಗೆ ಈ ಆಳ ಹೊಂದಿಸೋಕೆ ಒಂದು ಲಿವರ್ ಇಟ್ಟಿದಾರೆ, ಅದನ್ನ ಹಿಡಿದೋನು ಆಪರೇಟರ್ ಆದ.

ಒಂದೇ ಥರದ ಕೆಲಸಕ್ಕೆ ಹೆಣ್ಣು ಅನ್ನೋ ಕಾರಣಕ್ಕೆ ಕೂಲಿ ಕಮ್ಮಿ ಮಾಡೋಹಂಗಿಲ್ಲ ಅಂತ 1976ರಿಂದಲೇ ಸಮಾನ ವೇತನದ ಕಾಯ್ದೆ ಇತ್ತು, ಈಗ ಅದೇ ಮಾತು ವೇತನ ಸಂಹಿತೆಯ 3ನೇ ಸೆಕ್ಷನ್ನಲ್ಲಿದೆ. ಆದ್ರೆ ನಾಟಿಗೆ ಹೆಣ್ಮಕ್ಕಳನ್ನೇ ಕರೆಯೋದ್ರಿಂದ, ಇದೇ ಕೆಲಸ ಮಾಡೋ ಗಂಡಸು ಯಾರಿದಾನೆ ತೋರ್ಸಿ ಅಂತ ಕೇಳ್ತಾರೆ, ಅಲ್ಲೇ ಕಾನೂನು ಕೈ ಜಾರೋದು. ಹಂಗಾಗಿ ನೀವು ದಿನಗೂಲಿ ಬಿಟ್ಟು ಎಕರೆ ಲೆಕ್ಕಕ್ಕೆ ತಂಡವಾಗಿ ಗುತ್ತಿಗೆ ಮಾತಾಡಿ, ತಪ್ಪಿದ ಸಸಿ ತುಂಬೋದಕ್ಕೆ ಬೇರೆ ರೇಟ್ ಹೇಳಿ, ಭದ್ರಾ ನಾಲೆ ನೀರು ಬಿಟ್ಟ ಹದಿನೈದು ದಿನದಲ್ಲಿ ಎಲ್ಲರಿಗೂ ಒಟ್ಟಿಗೆ ನೀವೇ ಬೇಕು, ಮಾತಾಡೋಕೆ ಅದೇ ಸಮಯ. ಹದಿನಾಲ್ಕೂ ಜನ ಒಂದೇ ಮಾತು ಆಡ್ಬೇಕು, ಇಬ್ರು ಕಮ್ಮಿಗೆ ಒಪ್ಕೊಂಡ್ರೆ ಮುಗೀತು.

ಇನ್ನೊಂದು ಕೆಲಸ. ಅಸಂಘಟಿತ ಕಾರ್ಮಿಕರನ್ನ ನೋಂದಾಯಿಸ್ಕೊಂಡು ಕೇಂದ್ರ ಸರ್ಕಾರ ಕೊಡೋ ಇ-ಶ್ರಮ್ ಕಾರ್ಡ್ 2021ರ ಆಗಸ್ಟಿಂದ ಕೊಡ್ತಿದಾರೆ, 16ರಿಂದ 59 ವಯಸ್ಸಿನವರಿಗೆ. ಮಾಡಿಸಿರದಿದ್ರೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಆಧಾರಿಗೆ ಲಿಂಕ್ ಆಗಿರೋ ಮೊಬೈಲ್ ತಗೊಂಡು ಕಾಮನ್ ಸರ್ವಿಸ್ ಸೆಂಟರಿಗೆ ಹೋಗಿ. ಅಲ್ಲಿ ಉದ್ಯೋಗ ಏನು ಅಂತ ಕೇಳ್ತಾರೆ, ಕಂಪ್ಯೂಟರಲ್ಲಿ ಉದ್ದ ಪಟ್ಟಿ ಬರುತ್ತೆ, ಹುಡುಗ ಬೇಗ ಮುಗಿಸೋಣ ಅಂತ ಮೊದಲು ಕಂಡಿದ್ದು ಒತ್ತಿಬಿಡ್ತಾನೆ. ಕೂಲಿ ಅಂತ ಹೇಳಬೇಡಿ. ಭತ್ತದ ನಾಟಿ ಮಾಡ್ತೀನಿ ಅಂತ ಹೇಳಿ, ಅದಕ್ಕೆ ಹತ್ತಿರ ಇರೋದು ಸಿಗೋವರೆಗೂ ಪಟ್ಟಿ ಕೆಳಗೆ ಇಳಿಸು ತಮ್ಮಾ ಅಂತ ಕೂತ್ಕೊಂಡು ನೋಡಿಸಿ. ಮಗಳನ್ನ ಜತೇಲಿ ಕರ್ಕೊಂಡು ಹೋಗಿ, ಸ್ಕ್ರೀನ್ ಮೇಲೆ ಏನು ಬಿತ್ತು ಅಂತ ಅವಳು ಓದಿ ಹೇಳಲಿ.